ಬೊಂಬೆ ಕಿತ್ತವರ ಪಾಳಿ

ಮೊನ್ನೆಮೊನ್ನೆಯವರೆಗೂ ನೇಗಿಲು ಹಿಡಿದಿದ್ದ ಬೋರಲಿಂಗೇಗೌಡರು ಈಗ ಮಂತ್ರಿ. ಅವರ ಹೆಲಿಕಾಪ್ಟರ್ ಇಳಿಯಲು ಸಿದ್ದಕ್ಕನ ರಾಗಿ ಹೊಲವೇ ಬೇಕಂತೆ. ತೆನೆ ಇನ್ನೂ ಹಾಲುಗಾಳು. ಗೌಡರೇ ಕಾರಿನಲ್ಲಿ ಬಂದು ಹೊಲದ ಬದುವಿನ ಮೇಲೆ ನಿಂತರು.

“ನಾಳೆ ಬುಲ್ಡೋಜರ್ ಬರುತ್ತೆ ಅಕ್ಕ. ಮೊದಲು ಆ ಬೆದರುಬೊಂಬೆ ಕೀಳಿಸ್ತೀನಿ.”

“ಅದು ತೊಟ್ಟಿರೋದು ನಿಮ್ಮ ಹಳೇ ಅಂಗಿ ಗೌಡ್ರೇ. ಕೊಯ್ಲಿಗೆ ಮುಂಚೆ ಬೊಂಬೆ ಕಿತ್ತೋರು ಅದರ ಜಾಗದಲ್ಲಿ ನಿಂತು ಹಕ್ಕಿ ಕಾಯ್ಬೇಕು. ಇಲ್ಲಿ ಪಾಲಿಗೆ ಉಳುವಾಗ ನೀವೇ ಮಾಡಿದ ಕಟ್ಟಳೆ. ಪಾಪ, ನೀವು ಗೆದ್ದು ಹೋದಾಗಿನಿಂದ ಅದು ನಿಮ್ಮ ದಾರೀನೇ ನೋಡ್ತಿದೆ.”

ಗೌಡರು ಗಹಗಹಿಸಿ ನಕ್ಕರು. ಒಂದು ಎಲೆಯೂ ಅಲುಗದಷ್ಟು ಗಾಳಿ ಸತ್ತಿತ್ತು. ಬೊಂಬೆಯ ತೋಳು ಮೆಲ್ಲಗೆ ಮೇಲೆದ್ದು, ‘ಬಾ’ ಎಂಬಂತೆ ಆಡಿತು.

“ಹೊಲ ನಿನಗೇ ಇರಲಿ ಅಕ್ಕ!” ಎನ್ನುತ್ತ ಗೌಡರು ಕಾರಿಗೆ ಓಡಿದರು.

ಸಿದ್ದಕ್ಕ ನಗುತ್ತ ಮಡಿಲು ಮುಟ್ಟಿಕೊಂಡಳು. ನಗು ಅಲ್ಲೇ ನಿಂತಿತು. ಬೊಂಬೆಯ ತೋಳಿಗೆ ಕಟ್ಟಿ ಎಳೆಯಬೇಕೆಂದು ತಂದಿದ್ದ ದಾರ ಇನ್ನೂ ಮಡಿಲಲ್ಲೇ ಇತ್ತು.