ಹೊನ್ನೆಯ ಅಂಟಿನೊಳಗಿನ ಗಂಟು

"ಈ ಗಂಟಿನ ಪೇಟೆಂಟ್ ನನ್ನದು. ಗೀಜಗ ತನ್ನ ಗೂಡನ್ನು ಬಿಚ್ಚಲಿ" ಎಂದು ಜೇಡ ಆನೆಯ ನ್ಯಾಯಾಲಯದಲ್ಲಿ ದಾವೆ ಹೂಡಿತು. ಗೂಡಿನಲ್ಲಿ ಮೂರು ಮೊಟ್ಟೆಗಳಿದ್ದವು.

ಗೀಜಗ ತನ್ನ ವಕೀಲ ಮರಕುಟಿಗನಿಗೆ ಹೇಳಿತು: "ಗಂಟನ್ನು ಕಂಡುಹಿಡಿದದ್ದು ನಾನು. ಹಾಗೆಂದೇ ವಾದಿಸಿ, ಸ್ವಾಮಿ."

"ನಿನಗೆ ಗೂಡು ಉಳಿಯಬೇಕೋ, ಹೆಸರು ಉಳಿಯಬೇಕೋ?"

ಗೀಜಗ ಮೊಟ್ಟೆಗಳತ್ತ ನೋಡಿ, "ಗೂಡು" ಎಂದಿತು.

ಮರಕುಟಿಗ ತಿಂಗಳಿಡೀ ಕಾಡಿನ ಹಳೆಯ ಮರಗಳನ್ನು ಕುಟ್ಟಿ ಹುಡುಕಿತು. ವಿಚಾರಣೆಯ ದಿನ ಜೇಡ ನಕ್ಕಿತು: "ವಕೀಲರ ಕೊಕ್ಕೇ ಸವೆದುಹೋಗಿದೆ. ಇನ್ನು ವಾದವೆಲ್ಲಿಂದ ಬರಬೇಕು!"

ಮರಕುಟಿಗ ಗಟ್ಟಿಯಾದ ಅಂಟಿನ ಉಂಡೆಯೊಂದನ್ನು ಆನೆಯ ಮುಂದಿಟ್ಟಿತು. ಬಿಸಿಲಿಗೆ ಹಿಡಿದಾಗ ಒಳಗೊಂದು ಎಲೆ ಕಂಡಿತು. ಯಾವುದೋ ಹುಳು ಅದನ್ನು ಮಡಿಸಿ, ನೂಲಿನಿಂದ ಅದೇ ಗಂಟು ಹಾಕಿತ್ತು.

"ಎಲ್ಲಿತ್ತು ಇದು?" ಎಂದು ಆನೆ ಕೇಳಿತು.

"ಕಾಡಿನ ಅತಿ ಹಿರಿಯ ಹೊನ್ನೆ ಮರದ ತಿರುಳಿನಲ್ಲಿ, ಮಹಾಸ್ವಾಮಿ. ಆ ಮರ ಸಸಿಯಾಗಿದ್ದಾಗ ಹಾಕಿದ ಗಂಟು."

"ಮೊದಲೇ ಇದ್ದ ಗಂಟಿನ ಪೇಟೆಂಟ್ ಯಾರಿಗೂ ಸಲ್ಲದು" ಎಂದು ಆನೆ ದಾವೆಯನ್ನು ವಜಾ ಮಾಡಿತು. ಆಮೇಲೆ ಪೀಠದಿಂದೆದ್ದು, ಹೆಸರಿಲ್ಲದ ಆ ಹುಳುವಿಗೆ ಸೊಂಡಿಲೆತ್ತಿ ವಂದಿಸಿತು. ಗೀಜಗ ತಲೆಬಾಗಿತು. ಸ್ವಲ್ಪ ತಡವಾಗಿ ಜೇಡವೂ ಬಾಗಿತು.