ಊರುಗೋಲು ಬಂಡೆ

ಕೆಂಗಲ್ಲಹಟ್ಟಿಯ ಊರುಗೋಲು ಬಂಡೆಯ ಮೇಲೆ ಬರೆದ ಮುದುಕನ ಚಿತ್ರಕ್ಕೆ ಪ್ರವಾಸೋದ್ಯಮದವರು ಸುಣ್ಣ ಬಳಿದಿದ್ದಾರೆ. ಬಳಿದದ್ದು ಸಾಲದೆಂದು ‘ರಾಜವಿಲಾಸ ಬಂಡೆ’ ಎಂಬ ಹೊಸ ಫಲಕವನ್ನೂ ನೆಟ್ಟಿದ್ದಾರೆ. ಪ್ರವಾಸಿಗರಿಗೆ ಮುಪ್ಪು ನೋಡಲು ಚೆಂದವಿಲ್ಲವಂತೆ! ಕೆರೆ ಏರಿಯ ಮೇಲೆ ನಿಂತರೆ ಎದುರಿಗೇ ಕಾಣುವ ಈ ಬಂಡೆಯ ಮೈಮೇಲೆ ಒಬ್ಬ ಮನುಷ್ಯನ ಇಡೀ ಬದುಕು ಕೆಮ್ಮಣ್ಣಿನಲ್ಲಿ ಸಾಲಾಗಿ ನಿಂತಿದೆ. ತೊಟ್ಟಿಲ ಕೂಸು, ಬುಗುರಿ ಆಡುವ ಹುಡುಗ, ಬಾಸಿಂಗ ಕಟ್ಟಿದ ಮದುಮಗ, ಕತ್ತಿ ಹಿಡಿದ ದೊರೆ. ಆಮೇಲೆ ಬರೀ ಬಿಳಿ ತೇಪೆ. ಆ ಮುದುಕನ ಮೇಲೆ ಸುಣ್ಣ ಬಿದ್ದದ್ದು ಇದೇ ಮೊದಲಲ್ಲ ಎಂಬುದು ಬಳಿದವರಿಗೆ ಗೊತ್ತಿಲ್ಲ.

ಹಿಂದೆ ಒಮ್ಮೆ ಈ ಸೀಮೆಯನ್ನು ಸೂರಪ್ಪನಾಯಕನೆಂಬ ಪಾಳೇಗಾರ ಆಳುತ್ತಿದ್ದ ಎನ್ನುತ್ತಾರೆ. ತನ್ನ ಬಾಳನ್ನು ಬಂಡೆಯ ಮೇಲೆ ಬರೆಸಲು ಅವನು ಬೋರಕ್ಕನನ್ನು ಕರೆಸಿದ. ಮನೆಗೋಡೆಗಳಿಗೆ ಕೆಮ್ಮಣ್ಣಿನ ಚಿತ್ರ ಬರೆಯುವ ಕುಲದವಳು ಅವಳು. ಆ ಕುಲಕ್ಕೊಂದು ಕಟ್ಟಳೆಯಿತ್ತು. ಬರೆಯುವವಳು ಚಿತ್ರದಲ್ಲಿ ಒಂದು ಅಂಗೈಯಷ್ಟು ಜಾಗ ಖಾಲಿ ಬಿಡಬೇಕು. ಮನೆಯ ಹಿರಿಯಳು ಕೆಮ್ಮಣ್ಣಿನಲ್ಲಿ ಕೈ ಅದ್ದಿ ಅಲ್ಲಿ ಒತ್ತಬೇಕು. ಅಲ್ಲಿಯವರೆಗೆ ಚಿತ್ರ ಮುಗಿದಂತಲ್ಲ, ಆ ಮನೆಯಲ್ಲಿ ಶುಭಕಾರ್ಯವೂ ಇಲ್ಲ. ಬೋರಕ್ಕ ದೊರೆಯ ಪಕ್ಕದಲ್ಲಿ ಬೆನ್ನು ಬಾಗಿದ ಮುದುಕನನ್ನು ಬರೆದಳು, ಊರುಗೋಲನ್ನೂ ಬರೆದಳು. ಕೋಲು ಹಿಡಿಯುವ ಕೈಯ ಜಾಗವನ್ನಷ್ಟೇ ಖಾಲಿ ಬಿಟ್ಟಳು.

“ಇವನ್ಯಾರೇ?” ಎಂದ ನಾಯಕ.

“ನೀವೇ ದೊರೆ. ಇನ್ನೂ ದಾರೀಲಿದ್ದೀರಿ.”

“ಅಳಿಸು. ಇಲ್ಲಾ ಊರು ಬಿಡು.”

“ಬರೆದ ಕೈಯಿಂದ ಅಳಿಸಲಾರೆ. ಬಂಡೆಗೆ ಸುಣ್ಣ ಬಳಿಸ್ತೀರಾ, ಬಳಿಸಿ. ನಿಮ್ಮ ಮೀಸೆಗೆ ಬಳಿಯೋನು ನಿಮ್ಮ ಅಪ್ಪಣೆ ಕೇಳೋದಿಲ್ಲ.”

ನಾಯಕ ಆಳುಗಳಿಂದ ಸುಣ್ಣ ಬಳಿಸಿಯೇಬಿಟ್ಟ; ಅಂಗೈಗೆ ಬಿಟ್ಟ ಜಾಗವೂ ಅದರಡಿ ಮುಚ್ಚಿಹೋಯಿತು. ಬೋರಕ್ಕ ಗಂಟು ಕಟ್ಟಿದಳು. ಹುಟ್ಟಿದ ಊರು, ಹೆತ್ತವ್ವನನ್ನು ಮಣ್ಣು ಮಾಡಿದ ಊರು. ಆದರೂ ನಾಯಕನ ಕಾಲು ಹಿಡಿಯಲು ಹೋಗಲಿಲ್ಲ. ಗಂಟು ಹೊತ್ತು ಏರಿಯ ಮೇಲೆ ಬರುವಾಗ ಬಂಡೆಯ ಮುಂದೆ ಊರೇ ನೆರೆದಿತ್ತು. ನಾಯಕನ ಮಗಳ ಮದುವೆಗೆ ಮುಂಚೆ ಚಿತ್ರ ಮುಗಿಸಬೇಕಿತ್ತು. ಬೀಗರೆದುರು ನಾಯಕನ ತಾಯಿ ಪಾಪವ್ವ ಕೆಮ್ಮಣ್ಣು ಅದ್ದಿದ ಕೈ ಎತ್ತಿಕೊಂಡು ಬಂಡೆಯುದ್ದಕ್ಕೂ ನಡೆದಳು, ಮತ್ತೆ ಹಿಂದಕ್ಕೆ ಬಂದಳು.

“ಲೋ ಸೂರ, ಕೈ ಎಲ್ಲಿಡಲೋ? ಕೂಸಿಗೆ ಜಾಗ ಐತೆ, ದೊರೆಗೆ ಜಾಗ ಐತೆ. ನನ್ನ ವಯಸ್ಸಿಗೇ ಜಾಗ ಇಲ್ವಲ್ಲೋ. ನಾನೂ ಗಂಟು ಕಟ್ಲಾ?”

ನಾಯಕನ ತಲೆ ತಗ್ಗಿತು. ಅವನೇ ಏರಿ ಹತ್ತಿ ಬಂದು ಬೋರಕ್ಕನನ್ನು ಕರೆದ.

“ಬರ್ತೀನಿ,” ಎಂದಳು ಅವಳು, “ಬಣ್ಣದ ಬಟ್ಟಲು ನೀವು ಹಿಡೀಬೇಕು.”

ಊರು ನೋಡುತ್ತಿದ್ದಂತೆ ದೊರೆ ಬಟ್ಟಲು ಹಿಡಿದು ನಿಂತ. ಬೋರಕ್ಕ ಸುಣ್ಣದ ಮೇಲೆಯೇ ಮುದುಕನನ್ನು ಮತ್ತೆ ಬರೆದಳು. ಪಾಪವ್ವ ಕೋಲಿನ ತುದಿಯಲ್ಲಿ ಅಂಗೈ ಒತ್ತಿದಳು. ಮಗನ ಮುಪ್ಪಿಗೆ ತಾಯಿಯ ಕೈಯೇ ಆಸರೆಯಾಯಿತು. ಬಂಡೆಗೆ ಊರುಗೋಲು ಬಂಡೆ ಎಂಬ ಹೆಸರು ಬಂತು. ಅಂದಿನಿಂದ ನಮ್ಮ ಹೆಣ್ಣುಮಕ್ಕಳು ವರ್ಷ ವರ್ಷವೂ ಕೆಮ್ಮಣ್ಣು ತೀಡಿ ಆ ಚಿತ್ರವನ್ನು ಉಳಿಸಿಕೊಂಡು ಬಂದಿದ್ದಾರೆ. ಅರಮನೆ ಬಿದ್ದುಹೋಗಿದೆ, ಕೋಟೆಯಲ್ಲಿ ಕತ್ತೆಗಳು ಮೇಯುತ್ತಿವೆ. ಬೋರಕ್ಕನ ಗೆರೆ ನಿಂತಿದೆ.

ಇವತ್ತು ಹೋದರೂ ನೋಡಬಹುದು: ಬಿಳಿ ತೇಪೆಯ ನಡುವೆ, ಕೋಲಿನ ತುದಿ ಇದ್ದ ಕಡೆ, ಐದು ಬೆರಳು ಕೆಂಪಗೆ ಒಸರುತ್ತಿವೆ. ಓದಿ ಅಯ್ಯೋ ಎನ್ನಬೇಡಿ. ನಿಮ್ಮ ಮನೆಯ ಹಿರಿಯಳನ್ನು ಕರೆದುಕೊಂಡು ಬನ್ನಿ. ಆ ಫಲಕ ಕೀಳಿ. ಬಟ್ಟಲು ನೀವು ಹಿಡಿಯಿರಿ, ಕೈ ಅವಳು ಒತ್ತಲಿ.