ಬಟ್ಟೆ ಸುತ್ತಿದ ತೋಳು

“ತಾಯಿ, ವ್ರತ ಹಿಡಿದು ಹೊರಗೆ ಓಡಾಡುವುದನ್ನು ಬಿಟ್ಟಾಗಿನಿಂದ ಊರು ನನ್ನ ಮೇಲೆ ಬಾಯಿಗೆ ಬಂದದ್ದನ್ನೆಲ್ಲ ಆಡುತ್ತಿದೆ. ಸಂತೆಯ ದಿನ ಹೋಗಿ ನಿಂತು, ಇದ್ದದ್ದನ್ನು ಇದ್ದ ಹಾಗೆ ಎಲ್ಲರಿಗೂ ಹೇಳಿ ಬಂದುಬಿಡಲೇ?” ಎಂದು ದೇವೀರಿ ಕೇಳಿದಳು.

ದೇವೀರಿ ಮಠಕ್ಕೆ ಹೊಸದಾಗಿ ಸೇರಿದ ಶಿಷ್ಯೆ. ಗುರುತಾಯಿಗೆ ವಯಸ್ಸಾಗಿತ್ತು. ಹಲ್ಲು ಹೋಗಿದ್ದವು, ನಾಲಿಗೆ ಮಾತ್ರ ಮೊಂಡಾಗಿರಲಿಲ್ಲ. ಅವರು ಎಲೆ ಅಡಿಕೆ ಕುಟ್ಟುತ್ತಿದ್ದ ಕುಟ್ಟಾಣಿಯನ್ನು ಪಕ್ಕಕ್ಕಿಟ್ಟು ಒಂದು ಕತೆ ಹೇಳಿದರು.

ಒಂದು ಊರು. ಆ ಊರಿನಲ್ಲಿ ಒಬ್ಬ ಗಾಣಿಗ. ಅವನ ಮನೆಯ ಎಣ್ಣೆಯೇ ಗುಡಿಯ ನಂದಾದೀಪಕ್ಕೆ ಹೋಗಬೇಕು. ಅದು ತಲೆತಲಾಂತರದಿಂದ ಬಂದ ಮರ್ಯಾದೆ. ಗಾಣಿಗನಿಗೆ ಒಬ್ಬ ತಾಯಿ. ಅವಳ ಬಾಯಿಗೆ ಊರೇ ಹೆದರುತ್ತಿತ್ತು. ಯಾರ ಸೊಸೆ ಮುನಿಸಿಕೊಂಡು ತವರಿಗೆ ಹೋದಳು, ಯಾರ ಮಗಳ ಮದುವೆ ಯಾಕೆ ಮುರಿಯಿತು ಎಂಬುದೆಲ್ಲ ಆಯಾ ಮನೆಯವರಿಗಿಂತ ಮೊದಲು ಅವಳಿಗೆ ಗೊತ್ತಾಗುತ್ತಿತ್ತು. ಎಂಥ ಸೆಖೆಯಲ್ಲೂ ಮೊಳಕೈ ಮುಚ್ಚುವ ರವಿಕೆಯನ್ನೇ ತೊಡುತ್ತಿದ್ದಳು. ಅದೇಕೆ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಗಾಣಿಗನಿಗೆ ಹೊಸದಾಗಿ ಮದುವೆಯಾಗಿತ್ತು. ಸೊಸೆ ಹಬ್ಬಕ್ಕೆ ತವರಿಗೆ ಹೋದಳು. ತಿರುಗಿ ಬಂದಾಗ ಅವಳ ಎಡತೋಳಿಗೆ ಬಿಳಿ ಬಟ್ಟೆ ಸುತ್ತಿತ್ತು.

ಹಚ್ಚೆ ಹಾಕಿಸಿಕೊಂಡು ಬಂದಿದ್ದಳು. ಹಚ್ಚೆ ಹಾಕಿದವಳು ಸೂಜಿ ಒರೆಸಿಡುತ್ತ ಹೇಳಿ ಕಳಿಸಿದ್ದಳು: ‘ಮಗಳೇ, ನನ್ನ ಕೆಲಸ ಮುಗಿಯಿತು, ನಿನ್ನದು ಈಗ ಶುರು. ಕಾಯಿಸಿ ಆರಿಸಿದ ನೀರಿನಲ್ಲಿ ತೊಳೆ. ಹೊಳೆಯಲ್ಲಿ ಮುಳುಗಿಸಬೇಡ. ಬಿಸಿಲಿಗೆ ಒಡ್ಡಬೇಡ. ನವೆಯಾದರೆ ಹಲ್ಲು ಕಚ್ಚಿಕೋ, ಉಗುರು ತಾಗಿಸಬೇಡ. ಹಕ್ಕಳೆ ಕಟ್ಟುತ್ತದೆ, ಅದು ತಾನಾಗಿ ಉದುರಬೇಕು. ಅಲ್ಲಿಯವರೆಗೆ ಇನ್ನೊಬ್ಬರ ಕೈ ಅದರ ಮೇಲೆ ಬೀಳಬಾರದು.’

ಸೊಸೆ ಅದನ್ನು ಹೇಳಿದ ಹಾಗೆಯೇ ನಡೆಸಿದಳು. ರಾಮಾಯಣ ಶುರುವಾದದ್ದೇ ಅಲ್ಲಿಂದ.

ಅವಳು ಹೊಳೆಗೆ ಮೀಯಲು ಹೋಗಲಿಲ್ಲ. ‘ಮೈಮೇಲೆ ತೋರಿಸಬಾರದ್ದು ಏನೋ ಇದೆ’ ಎಂದರು ಹೆಂಗಸರು. ಬಿಸಿಲಿಗೆ ಬರಲಿಲ್ಲ. ‘ಮುಖ ತಪ್ಪಿಸುತ್ತಾಳೆ’ ಎಂದರು. ಬೆಳಗ್ಗೆ ಕೋಣೆಯ ಬಾಗಿಲು ಹಾಕಿಕೊಂಡು ಗಾಯ ತೊಳೆದು ಬಟ್ಟೆ ಬದಲಾಯಿಸುತ್ತಿದ್ದಳು. ‘ಗಂಡ ಗಾಣ ಕಟ್ಟಲು ಹೋಗುವುದೇ ತಡ, ಇವಳು ಬಾಗಿಲು ಹಾಕುತ್ತಾಳೆ. ಒಳಗೆ ಇನ್ಯಾರು?’ ಎಂದರು. ಬಿಸಿನೀರಿನಲ್ಲಿ ಒಗೆದ ಬಟ್ಟೆಯನ್ನು ಹೊರಗೆ ಧೂಳಿಗೆ ಹಾಕದೆ ಒಳಗಿನ ಗಳುವಿನ ಮೇಲೆ ಒಣಗಿಸಿದಳು. ಅದಕ್ಕೂ ಒಂದು ಅರ್ಥ ಹುಟ್ಟಿತು.

ಒಬ್ಬಳು ಗಾಯಕ್ಕೆ ಹಚ್ಚಲು ಬೆಣ್ಣೆ ತಂದಳು. ಬೆಣ್ಣೆ ನೆಪ, ಬಟ್ಟೆ ಬಿಚ್ಚಿಸುವುದೇ ಅವಳ ಕೆಲಸ. ತೋಳಿಗೆ ಕೈ ಹಾಕಿದಾಗ ಸೊಸೆ ಥಟ್ಟನೆ ಹಿಂದೆ ಸರಿದಳು. ಅಷ್ಟು ಸಾಕಾಯಿತು. ಬಟ್ಟೆಯ ಕೆಳಗೆ ಪರಗಂಡಸಿನ ಹೆಸರಿದೆ ಎಂದು ಊರು ತೀರ್ಮಾನ ಮಾಡಿತು. ತವರೂರಿಗೆ ಬರುವ ಬಳೆಗಾರನ ಹೆಸರು ಎಂದಳು ಬೆಣ್ಣೆಯವಳು. ಪಕ್ಕದ ಮನೆಯವಳಿಗೆ ಅದು ಸಪ್ಪೆ ಎನಿಸಿತು. ‘ಬಳೆಗಾರ ಅಲ್ಲ ಕಣೇ ತಾಯಿ, ನಾಟಕದ ಕಂಪನಿಯಲ್ಲಿ ಹಾರ್ಮೋನಿಯಂ ಬಾರಿಸುವವನು. ಹೆಸರು ಉದ್ದ, ಮೊಳಕೈವರೆಗೂ ಬಂದಿದೆಯಂತೆ’ ಎಂದಳು. ಬಟ್ಟೆಯೂ ಮೊಳಕೈವರೆಗೆ ಇತ್ತಲ್ಲ, ಎಲ್ಲರೂ ನಂಬಿದರು.

ಮಾತು ಗಾಣಿಗನ ಕಿವಿಗೂ ಬಿತ್ತು. ಹೆಂಡತಿಯನ್ನು ಕೇಳಿದ. ‘ಹಕ್ಕಳೆ ಉದುರಲಿ, ಮೊದಲು ನಿಮಗೇ ತೋರಿಸುತ್ತೇನೆ’ ಎಂದಳು. ಅವನು ಕೆಟ್ಟವನಲ್ಲ. ಹೆಂಡತಿಯ ಮಾತಿಗೂ ತಲೆಯಾಡಿಸಿದ, ಊರಿನ ಮಾತಿಗೂ ತಲೆಯಾಡಿಸಿದ, ಎತ್ತಿನ ಹಿಂದೆ ಸುತ್ತಲು ಹೋದ.

ಕೊನೆಗೆ ಗುಡಿಯ ಹಿರಿಯ ಮನೆಗೇ ಬಂದ. ಅವನ ಬೆನ್ನಿಗೆ ಊರೆಲ್ಲ ಬಂದು ಅಂಗಳದಲ್ಲಿ ನಿಂತಿತು. ಒಲೆಯ ಮೇಲೆ ಹಾಲಿಟ್ಟು ಬಂದವರಿದ್ದರು. ಕಾಣದವರು ಜಗಲಿ ಹತ್ತಿದರು.

‘ಸೊಸೆ ಈಗಲೇ ಬಟ್ಟೆ ಬಿಚ್ಚಿ ತೋರಿಸಲಿ’ ಎಂದ ಹಿರಿಯ. ‘ಇಲ್ಲವೇ ಅವಳನ್ನು ತವರಿಗೆ ಕಳಿಸಿ. ಎರಡೂ ಆಗದಿದ್ದರೆ ನಿಮ್ಮ ಮನೆಯ ಎಣ್ಣೆ ಇನ್ನು ದೇವರ ದೀಪಕ್ಕೆ ಬೇಡ.’

ಸೊಸೆ ಹೊಸ್ತಿಲಲ್ಲಿ ನಿಂತಿದ್ದಳು. ಹಕ್ಕಳೆ ಇನ್ನೂ ಹಸಿಯಾಗಿತ್ತು. ಒಮ್ಮೆ ಬಿಚ್ಚಿದರೆ ಊರಿನ ಕೈಯೆಲ್ಲ ಅದರ ಮೇಲೆ ಬೀಳುತ್ತದೆ ಎಂದು ಅವಳಿಗೆ ಗೊತ್ತಿತ್ತು.

‘ವಾಸಿಯಾದ ಮೇಲೆ ನೋಡಿ. ನಿಮ್ಮ ಅವಸರಕ್ಕೆ ಗಾಯ ಒಣಗುವುದಿಲ್ಲ’ ಎಂದಳು. ತಲೆ ಎತ್ತಿಯೇ ಎಂದಳು.

ಎಲ್ಲರೂ ಅತ್ತೆಯ ಕಡೆಗೆ ತಿರುಗಿದರು. ಈಗ ಬಟ್ಟೆಯನ್ನು ಕಿತ್ತೆಸೆಯುತ್ತಾಳೆ ಎಂದು ಕತ್ತು ಉದ್ದ ಮಾಡಿದರು.

ಅತ್ತೆ ಎದ್ದು ಬಂದಳು. ಸೊಸೆಯ ತೋಳಿಗೆ ಕೈ ಹಾಕಲಿಲ್ಲ. ತನ್ನದೇ ರವಿಕೆಯ ತೋಳನ್ನು ಮೇಲಕ್ಕೆ ಎಳೆದಳು. ಎಷ್ಟೋ ವರ್ಷಗಳಿಂದ ಯಾರೂ ನೋಡದ ತೋಳು. ಅಲ್ಲಿ ಒಂದು ಹಸಿರು ಕಲೆ ಹರಡಿಕೊಂಡಿತ್ತು. ನಡುವೆ ಹಳೆಯ ಗಾಯ ಗಂಟುಗಟ್ಟಿ ನಿಂತಿತ್ತು.

‘ಇದೇನು ಅಂತ ಹೇಳಿ ನೋಡೋಣ’ ಎಂದಳು.

ಬೆಣ್ಣೆಯವಳು ಚೇಳು ಎಂದಳು. ಪಕ್ಕದ ಮನೆಯವಳು ಜೋಳದ ತೆನೆ ಎಂದಳು. ಹಿರಿಯ ಬಗ್ಗಿ ನೋಡಿ, ‘ಕಪ್ಪೆ ಇರಬೇಕು’ ಎಂದ.

‘ತುಳಸಿಕಟ್ಟೆ ಕಣಯ್ಯಾ! ಈ ಮನೆಗೆ ಬಂದ ಹೊಸದರಲ್ಲಿ ಹಾಕಿಸಿಕೊಂಡದ್ದು. ತೋರಿಸು ಅಂದಿರಿ, ತೋರಿಸಿದೆ. ನಿಮ್ಮಮ್ಮ ಬೂದಿ ಮೆತ್ತಿದಳು. ಇಕೋ ಈ ಬೆಣ್ಣೆ ತಂದವಳ ಅತ್ತೆ ಬಣ್ಣ ಹಿಡಿದಿದೆಯೋ ಇಲ್ಲವೋ ಅಂತ ಉಗುರಿನಲ್ಲಿ ಹಕ್ಕಳೆ ಎಬ್ಬಿಸಿದಳು. ಕೀವಾಗಿ ಜ್ವರ ಬಂದು ಮಲಗಿದಾಗ ಒಬ್ಬರಾದರೂ ಈ ಕಡೆ ತಲೆ ಹಾಕಿದಿರಾ? ಅವತ್ತು ನಿಮಗೆಲ್ಲ ತೋರಿಸಿದ ತಪ್ಪಿಗೆ ಇವತ್ತಿನವರೆಗೂ ಮುಚ್ಚಿಕೊಂಡಿದೀನಿ. ನನ್ನ ಸೊಸೆ ಇವತ್ತು ಮುಚ್ಚಿಕೊಂಡಿರೋದು ನಾಳೆ ತೋಳು ಬಿಟ್ಟುಕೊಂಡು ತಿರುಗೋಕೆ.’

‘ನೀನಾದರೂ ಒಳಗೇನಿದೆ ಅಂತ ನೋಡಿದೀಯಾ?’ ಎಂದ ಹಿರಿಯ.

‘ಇಲ್ಲ. ದಿನಾ ನೀರು ಕಾಯಿಸಿಕೊಟ್ಟವಳು ನಾನು. ಬಾಗಿಲ ಹೊರಗೆ ನಿಂತು ನಾಲಿಗೆ ತುರಿಸಿಕೊಂಡು ಸತ್ತೆ, ಕೇಳಲಿಲ್ಲ. ನನ್ನ ನಾಲಿಗೆಯೇ ಸುಮ್ಮನಿದ್ದ ಮೇಲೆ ನಿಮ್ಮದಕ್ಕೇನು ಧಾಡಿ? ಎಣ್ಣೆ ಬೇಕಾದವರು ಬನ್ನಿ, ಬೇಡವಾದವರು ಕತ್ತಲಲ್ಲೇ ದೇವರಿಗೆ ಕೈ ಮುಗೀರಿ. ನನ್ನ ಸೊಸೆ ಬಟ್ಟೆ ಬಿಚ್ಚೋಲ್ಲ.’

ಹಿರಿಯ ಮೇಲುಹೊದಿಕೆ ಸರಿಮಾಡಿಕೊಂಡು ಹೊರಟ. ಅಂಗಳ ಖಾಲಿಯಾಯಿತು. ಹಾಲಿಟ್ಟು ಬಂದವರು ಸೀದ ವಾಸನೆ ಹಿಡಿದು ಓಡಿದರು. ಗುಡಿಯವರು ಪಕ್ಕದ ಊರಿನಿಂದ ಎಣ್ಣೆ ತರಿಸಿದರು. ಗಾಣಿಗನ ಮನೆಯ ಎಣ್ಣೆ ಕೊಡದಲ್ಲೇ ಉಳಿಯಿತು. ಅತ್ತೆ ಮಾತ್ರ ದಿನವೂ ನೀರು ಕಾಯಿಸಿದಳು. ಸೊಸೆಗೆ ನವೆ ಹತ್ತಿದಾಗ ಅವಳ ಬಲಗೈಯನ್ನು ತನ್ನ ಕೈಯಲ್ಲಿ ಹಿಡಿದುಕೊಂಡು ಕುಳಿತಳು.

ಒಂದು ಬೆಳಗ್ಗೆ ಹಕ್ಕಳೆ ಒಣ ಎಲೆಯ ಹಾಗೆ ತಾನಾಗಿ ಉದುರಿತು. ಸೊಸೆ ಮೊದಲು ಗಂಡನಿಗೆ ತೋರಿಸಿದಳು, ಆಮೇಲೆ ಅತ್ತೆಗೆ. ಅತ್ತೆ ಕತ್ತರಿ ತಂದು ಸೊಸೆಯ ರವಿಕೆಯ ತೋಳನ್ನು ಗಿಡ್ಡ ಮಾಡಿ ಹೊಲಿದಳು. ಸ್ವಲ್ಪ ಹೊತ್ತು ಯೋಚಿಸಿ ತನ್ನದನ್ನೂ ಕತ್ತರಿಸಿದಳು.

ಇಬ್ಬರೂ ನಡುಬೀದಿಯಲ್ಲೇ ಹೊಳೆಗೆ ನಡೆದರು. ಹೊಸ ಹಚ್ಚೆಯ ಗೆರೆ ಒಂದೂ ಕದಡದೆ ಗರಿಕೆಯಷ್ಟು ಹಸಿರಾಗಿತ್ತು. ಸೊಸೆ ತೋಳು ಬೀಸಿ ನಡೆದಳು. ಅವಳಿಗಿಂತ ಜೋರಾಗಿ ಅತ್ತೆ ಬೀಸಿದಳು. ಹಾರ್ಮೋನಿಯಂ ಎಂದವಳೇ ಹಿಂದೆ ಹಿಂದೆ ಹೋಗಿ, ‘ಆ ಹಚ್ಚೆಯವಳ ಊರು ಯಾವುದಮ್ಮಾ?’ ಎಂದು ಕೇಳಿದಳು. ಅವತ್ತು ಸಂಜೆ ಗುಡಿಯಿಂದ ಎಣ್ಣೆಗೆಂದು ಖಾಲಿ ಗಿಂಡಿ ಬಂತು.

ಗುರುತಾಯಿ ಕತೆ ನಿಲ್ಲಿಸಿ ಕುಟ್ಟಾಣಿ ಎತ್ತಿಕೊಂಡರು.

ದೇವೀರಿಗೆ ತಾನು ಕೇಳಿದ ಪ್ರಶ್ನೆ ಮರೆತೇಹೋಗಿತ್ತು. ಮುಂದಕ್ಕೆ ಸರಿದು ಕುಳಿತು, “ಅದೆಲ್ಲ ಇರಲಿ ತಾಯಿ, ತೋಳಿನ ಮೇಲೆ ಏನಿತ್ತು?” ಎಂದಳು.

ಗುರುತಾಯಿ ಒಂದೇ ಮಾತು ಹೇಳಿದರು.

“ಆ ಅಂಗಳದಲ್ಲಿ ನಿಲ್ಲಲು ನಿನಗೂ ಜಾಗ ಸಿಕ್ಕಿತೇನೇ, ದೇವೀರಿ?”